ಅವ್ವನ ಕೈ ಇದ್ದ ಅಂಚು

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೀಸೆ ಮೂಡಿದ ಮೇಲೆ, ಟೈಪ್ ಕಲಿತದ್ದು ಪೆನ್ಷನ್ ಬಂದ ಮೇಲೆ. ಈ ಮಿಷನ್ನಿನಲ್ಲಿ ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತು ಮರೆತುಹೋಗುತ್ತದೆ. ತಪ್ಪು ಕಂಡರೆ ದೊಡ್ಡ ಮನಸ್ಸು ಮಾಡಿ ತಿದ್ದಿಕೊಂಡು ಓದಿ. ಫೋಟೋ ಹವ್ಯಾಸ ಇರುವವರಿಗೆ ಉಪಯೋಗವಾಗಲಿ, ಬೇಡದ ಭಾಗ ಕತ್ತರಿಸಿ ಚಿತ್ರವನ್ನು ಚೆಂದ ಮಾಡುವುದು ಹೇಗೆಂದು ತಿಳಿಸೋಣ ಎಂದು ಬರೆಯಲು ಕೂತೆ. ಆದರೆ ಆ ವಿಷಯಕ್ಕೆ ಕೈ ಹಾಕಿದರೆ ನನ್ನ ತಂಗಿಯನ್ನು ಬಿಟ್ಟು ಬರೆಯಲು ನನ್ನಿಂದ ಆಗುವುದಿಲ್ಲ.

ಮಹಾರಾಜರ ಕಾಲದ ಮಾತು. ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ನಾನು ದಲಾಯತ, ಎಂದರೆ ಜವಾನ. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅವ್ವ ಮತ್ತು ನಾನು. ತಂಗಿಯನ್ನು ಕೊರಟಗೆರೆ ಕಡೆಯ ತೋವಿನಕೆರೆಗೆ ಕೊಟ್ಟಿದ್ದೆವು. ಕಚೇರಿಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ, ಗಾಡಿಗೆ ಅವರ ಸಾಮಾನು ಹೇರಿದ ನನಗೆ ತಮ್ಮ ಹಳೆಯ ಬಾಕ್ಸ್ ಕ್ಯಾಮೆರಾ ಕೊಟ್ಟು ಹೋದರು. ಕರಿಯ ಡಬ್ಬಿ. ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಸಣ್ಣ ಗಾಜಿನಲ್ಲಿ ಬಗ್ಗಿ ನೋಡಬೇಕು. ಒಂದು ರೋಲಿಗೆ ಎಂಟೇ ಚಿತ್ರ. ಅದನ್ನು ತೊಳೆಸಿ ಚಿತ್ರ ಮಾಡಿಸಲು ಶಿರಾಕ್ಕೆ ಹೋಗಬೇಕು. ಅಲ್ಲಿ ವಯಸ್ಸಾದ ಸಾಹೇಬರೊಬ್ಬರು ಫೋಟೋ ಅಂಗಡಿ ಇಟ್ಟಿದ್ದರು.

ಆಗ ನಾನು ತೆಗೆದ ಚಿತ್ರಗಳಲ್ಲೆಲ್ಲ ಜನ ದೂರದಲ್ಲಿ ಇರುತ್ತಿದ್ದರು. ಅದಕ್ಕೆ ನನ್ನ ಅಜ್ಞಾನ ಒಂದು ಕಾರಣ, ನಮ್ಮ ಕಡೆಯ ನಂಬಿಕೆ ಇನ್ನೊಂದು. ಫೋಟೋದಲ್ಲಿ ಕಾಲು ಬರಲೇಬೇಕು. ಸೊಂಟಕ್ಕೋ ಎದೆಗೋ ನಿಲ್ಲಿಸಿದರೆ ಅರ್ಧ ಆಳು, ಅರ್ಧ ಆಳಾದರೆ ಅರ್ಧ ಆಯಸ್ಸು. ನನ್ನ ಮುಂದೆ ನಿಂತವರು ಮೊದಲು ಕೇಳುತ್ತಿದ್ದುದು, "ಪಾದ ಬಂತೇನಪ್ಪಾ?" ಎಂದು. ಪಾದ ಗಾಜಿನೊಳಗೆ ಬರುವ ತನಕ ನಾನು ಹಿಂದೆ ಹಿಂದೆ ಹೋಗುತ್ತಿದ್ದೆ. ಒಂದು ಸಲ ಹಾಗೆ ಹೋಗಿ ಕಳ್ಳಿಬೇಲಿಯ ಮೇಲೆ ಕೂತದ್ದೂ ಉಂಟು.

ತಂಗಿ ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಕೂಸು. ಕೂಸಿಗೆ ಕತ್ತು ನಿಂತ ಮೇಲೆ, ತಂಗಿಯನ್ನು ಊರ ಹೊರಗಿನ ಹೊಲದಲ್ಲಿ ನಿಲ್ಲಿಸಿ ಒಂದು ಚಿತ್ರ ತೆಗೆದೆ. ಹಿಂದೆ ಮಧುಗಿರಿ ಬೆಟ್ಟ. ಬೆಟ್ಟ ಪೂರ್ತಿ ಬರಬೇಕು, ಕೋಟೆಗೋಡೆ ಬರಬೇಕು, ತಂಗಿಯ ಪಾದ ಬರಬೇಕು ಎಂದು ನನ್ನ ಆಸೆ. ಮೂರೂ ಬಂದವು. ತಂಗಿ ಬರಲಿಲ್ಲ. ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ರಾಗಿಕಾಳಿನಷ್ಟಾಗಿ ನಿಂತಿದ್ದಳು.

ಅದನ್ನು ತೊಳೆದುಕೊಟ್ಟ ಸಾಹೇಬರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಏನ್ ಭಾಯ್, ಬೆಟ್ಟ ಬಂದು ನಂದೊಂದು ಫೋಟೋ ಹೊಡಿ ಅಂತ ಕೇಳ್ತಾ ನಿನ್ನ?"

"ಇಲ್ಲ ಸಾಹೇಬ್ರೆ, ತಂಗಿದು ತೆಗೆದೆ."

"ತಂಗಿ ಎಲ್ಲವ್ಳೆ? ಇದಾ? ನಾನು ಧೂಳು ಅಂದ್ಕಂಡು ಒರೆಸ್ತಾ ಇದ್ದೆ. ಇದು ಫೋಟೋ ಅಲ್ಲಪ್ಪ, ಸರ್ವೆ ನಕ್ಷೆ. ನಿಮ್ ಕಚೇರೀಲೇ ಇಟ್ಕೊಳ್ಳಿ."

ಬಯ್ದವರೇ ಕೂರಿಸಿಕೊಂಡು ಕಲಿಸಿದರು. ಷರಟಿನ ಪೆಟ್ಟಿಗೆಯ ರಟ್ಟಿನಿಂದ ಬಡಗಿಯ ಮೂಲೆಮಟ್ಟದ ಹಾಗೆ, ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ, ಎರಡು ತುಂಡು ಕತ್ತರಿಸಿದರು. ಅವನ್ನು ಎದುರುಬದುರಾಗಿ ಚಿತ್ರದ ಮೇಲಿಟ್ಟರೆ ನಡುವೆ ಒಂದು ಕಿಟಕಿ ಆಗುತ್ತದೆ. ರಟ್ಟನ್ನು ಸರಿಸುತ್ತ ಹೋದ ಹಾಗೆ ಕಿಟಕಿ ಕಿರಿದಾಗುತ್ತದೆ, ಒಳಗಿರುವುದು ಹತ್ತಿರ ಬಂದಂತೆ ಕಾಣುತ್ತದೆ. ಮೊದಲು ಆಕಾಶ ಮುಚ್ಚಿದರು, ಆಮೇಲೆ ಬೆಟ್ಟ, ಆಮೇಲೆ ಹೊಲ. ಎಷ್ಟು ಮುಚ್ಚಿದರೂ ನನ್ನ ತಂಗಿಯ ಮುಖದಲ್ಲಿ ಕಣ್ಣು ಮೂಗು ಹುಟ್ಟಲಿಲ್ಲ.

"ಇಲ್ಲದೇ ಇರೋದು ಕತ್ತರಿಸಿದ್ರೆ ಬರಲ್ಲ ಬೇಟಾ," ಎಂದರು. "ಮೊದ್ಲು ನೀನು ಹತ್ತಿರ ಹೋಗು. ನಿನ್ ಡಬ್ಬಿ ನಾಲ್ಕು ಹೆಜ್ಜೆ ತನಕ ತಡೀತದೆ, ಅದಕ್ಕಿಂತ ಹತ್ತಿರ ಹೋದ್ರೆ ಮಸಕು. ನಾಲ್ಕು ಹೆಜ್ಜೇಲಿ ತೆಗೆದು ಉಳಿದಿದ್ದು ಕಾಗದದ ಮೇಲೆ ಕತ್ತರಿಸು. ಅಲ್ಲಾಡಿ ಮಸಕಾಗಿರೋರನ್ನ ಕತ್ತರಿಸು. ಇನ್ನೊಂದು ಮಾತು. ಅಂಚಿನಾಗೆ ಯಾರದೋ ಒಂದು ಕೈ ಮಾತ್ರ ಬಂದಿರ್ತದೆ, ಆ ಕೈಯಿನೋರು ಕಾಣಲ್ಲ. ಅದನ್ನ ಇಡಬ್ಯಾಡ. ದೆವ್ವದ ಕೈ ಇದ್ದಂಗೆ ಕಾಣ್ತದೆ."

ಮನೆಗೆ ಬಂದವನೇ ಇದ್ದಬದ್ದ ಫೋಟೋಗಳ ಮೇಲೆಲ್ಲ ರಟ್ಟು ಸರಿಸಿದೆ. ಹೊಸ ವಿದ್ಯೆಯ ಹುರುಪು. ಪುರವರದ ರೈತರೊಬ್ಬರು ಖಾತೆ ಕೆಲಸಕ್ಕೆ ಕಚೇರಿಗೆ ಬಂದಿದ್ದಾಗ ಎತ್ತಿನ ಜೊತೆ ಫೋಟೋ ತೆಗೆಸಿಕೊಂಡಿದ್ದರು. ಅವರನ್ನು ಸೊಂಟಕ್ಕೆ ಕತ್ತರಿಸಿದೆ, ಎತ್ತನ್ನು ಕತ್ತಿಗೆ. ಈಗ ನೋಡಿದರೂ ಒಪ್ಪುವಂಥ ಚಿತ್ರ. ಎತ್ತಿನ ಮೂಗಿನ ಪಕ್ಕದಲ್ಲೇ ಆ ಮನುಷ್ಯನ ನಗೆ. ಅದನ್ನು ಕಳಿಸಿಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಅವರ ತಾಯಿ ಕೋಲೂರಿಕೊಂಡು ಕಚೇರಿಯ ಬಾಗಿಲಿಗೆ ಬಂದರು.

"ಫೋಟೋ ತೆಗ್ದೋನು ಯಾವನ್ಲಾ ಇಲ್ಲಿ?"

"ನಾನೇ ಅಜ್ಜಿ. ಏನಾಯ್ತು?"

"ಏನಾಯ್ತು ಅಂತ ಬೇರೆ ಕೇಳ್ತೀಯ. ನನ್ ಮಗ ಎರಡು ಕಾಲ್ನಾಗೆ ನಡ್ಕಂಡ್ ಬಂದಿದ್ದ. ನೀನು ಸೊಂಟಕ್ಕೆ ಕುಯ್ದು ಕಳಿಸಿದ್ದೀಯ. ಕಾಲು ಎಲ್ಲಿ ಮಡಗಿದ್ದೀಯ, ಕೊಡು."

ಒಳಗಿದ್ದ ಗುಮಾಸ್ತರು ತಲೆ ಎತ್ತದೆ ಹೇಳಿದರು: "ಕೊಟ್ಬುಡಪ್ಪ. ಸರ್ಕಾರಿ ಕಚೇರೀಲಿ ರೈತರ ಕಾಲು ಇಟ್ಕಂಡಿದ್ರೆ ಮೇಲಿನೋರು ಕೇಳ್ತಾರೆ."

ಪುಣ್ಯಕ್ಕೆ ಕತ್ತರಿಸಿದ ತುಂಡು ನನ್ನ ಪೆಟ್ಟಿಗೆಯಲ್ಲೇ ಇತ್ತು. ಅಜ್ಜಿಯನ್ನು ಮನೆಗೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರಿಗೇ ರಾಗಿ ಅಂಬಲಿಯಿಂದ ಅಂಟಿಸಿಕೊಟ್ಟೆ. ಅವರು ಆ ಗೀಟಿನ ಮೇಲೆ ಬೆರಳೆಳೆದು, ಅಂಟಿದೆ ಎಂದು ಖಾತ್ರಿ ಮಾಡಿಕೊಂಡು, ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೋದರು.

ತಂಗಿ ನಡುಮನೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಅಜ್ಜಿ ಅತ್ತ ಹೋದ ಕೂಡಲೆ ನಗತೊಡಗಿದಳು. ನಗು ಬಂದರೆ ಅವಳು ಮೊದಲು ಎಡಗಣ್ಣು ಸಣ್ಣಗೆ ಮಾಡುತ್ತಿದ್ದಳು, ಆಮೇಲೆ ನಗು.

"ಅಣ್ಣಯ್ಯ, ನನ್ ಕಾಲು ಬೇಕಾದ್ರೆ ನೀನೇ ಇಟ್ಕ. ಮೊಕ ಕೊಡು ಸಾಕು. ಆ ಬೆಟ್ಟದ ಫೋಟೋನ ನಮ್ಮೂರಿಗೆ ತಗಂಡೋದ್ರೆ, ನಿಮ್ಮೂರಾಗೆ ಇರುವೆ ಐತಾ ಅಂತ ನಗ್ತಾರೆ. ಹತ್ರ ಬಂದು ಒಂದು ತೆಗಿ."

ಕ್ಯಾಮೆರಾ ತರಲು ನಾನು ಎದ್ದೆ. ಅವ್ವ ಅಡ್ಡ ಬಂದಳು.

"ಕಾಲಿಲ್ದಂಗೆ ತೆಗೀಬ್ಯಾಡ ಕಣ್ಲಾ. ಮಕ್ಕಳೊಂದಿಗಳು ಅವಳು."

"ಅದೆಲ್ಲ ಸುಳ್ಳು ಕಣವ್ವ," ಎಂದೆ.

"ಸುಳ್ಳಾದ್ರೆ ಸುಳ್ಳು. ನನ್ ಸಮಾಧಾನಕ್ಕೆ ಬುಡು."

ಬಿಟ್ಟೆ. ತಂಗಿ ಗಾಡಿ ಹತ್ತುವಾಗ ಅವ್ವನಿಗೆ ಕೇಳಿಸದ ಹಾಗೆ, "ಮುಂದಿನ ಸಲ ಅವ್ವ ನೀರಿಗೆ ಹೋದಾಗ ತೆಗೆದ್ಬುಡು," ಎಂದಳು. ಆಗಲಿ ಎಂದೆ.

ಕೂಸು ತಪ್ಪು ಹೆಜ್ಜೆ ಇಡುತ್ತ ನಡೆಯಲು ಕಲಿಯುವ ಹೊತ್ತಿಗೆ ತೋವಿನಕೆರೆಯಿಂದ ಆಳು ಬಂದ. ತಂಗಿಗೆ ವಿಷಮಜ್ವರ. ಅವ್ವನೂ ನಾನೂ ಗಾಡಿ ಕಟ್ಟಿಸಿಕೊಂಡು ಹೊರಟೆವು. ನಾನು ಕ್ಯಾಮೆರಾ ತೆಗೆದುಕೊಂಡೆ. ರೋಲಿನಲ್ಲಿ ಒಂದೇ ಚಿತ್ರ ಉಳಿದಿತ್ತು. ಜ್ವರ ಬಿಟ್ಟ ಮೇಲೆ ಅವಳ ಮುಖ ತೆಗೆಯುವುದೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಜಗುಲಿಯ ಮೇಲೆ ಕೂರಿಸಬೇಕು, ನಾಲ್ಕು ಹೆಜ್ಜೆ ಅಳೆಯಬೇಕು, ಅವ್ವನನ್ನು ಏನಾದರೂ ಹೇಳಿ ಹಿತ್ತಲಿಗೆ ಕಳಿಸಬೇಕು. ನಾವು ಮುಟ್ಟುವಷ್ಟರಲ್ಲಿ ಮುಗಿದಿತ್ತು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಕೂತಂತೆಯೇ ಮಣ್ಣಿಗೆ ಕೊಡುತ್ತೇವೆ. ತಲೆ ವಾಲದಿರಲೆಂದು ಬಟ್ಟೆ ಸುತ್ತಿ ಗೋಡೆಯ ಮೊಳೆಗೆ ಕಟ್ಟುವುದು ರೂಢಿ. ಬೀಗರ ಮನೆಯವರು ಬಟ್ಟೆ ತಂದಾಗ ಅವ್ವ ಬಿಡಲಿಲ್ಲ.

"ಮೊಳೆಗೆ ಕಟ್ಟಬ್ಯಾಡಿ. ನಾನ್ ಹಿಡ್ಕತೀನಿ."

ಮಗಳ ಪಕ್ಕದಲ್ಲಿ ಕೂತು ಅವಳ ಗಲ್ಲವನ್ನು ಬಲಗೈಯಲ್ಲಿ ಹಿಡಿದಳು. ಹೆಬ್ಬೆರಳು ಗಲ್ಲದ ಮೇಲೆ, ಉಳಿದ ಬೆರಳು ಕೆಳಗೆ. ನಾನು ಕಂಬದ ಹತ್ತಿರ ನಿಂತಿದ್ದೆ. ಕ್ಯಾಮೆರಾ ಹೆಗಲಲ್ಲೇ ಇತ್ತು, ಇಳಿಸಲು ಮರೆತಿದ್ದೆ. ಅವ್ವ ಅದನ್ನು ನೋಡಿದಳು.

"ಬಾ ಹತ್ರಕ್ಕೆ," ಎಂದಳು. "ಇನ್ನೇನು ಹೆದ್ರಿಕೆ. ಅವಳು ಕೇಳಿದ್ದಂಗೇ ತೆಗಿ."

ನಾಲ್ಕು ಹೆಜ್ಜೆ ಅಳೆದೆ. ನಡುಮನೆಯಲ್ಲಿ ಇದ್ದ ಬೆಳಕು ಮಾಡಿನ ಬೆಳಕಿಂಡಿಯದು ಒಂದೇ. ಅಂಥ ಕಡೆ ಕ್ಯಾಮೆರಾವನ್ನು ಅಲ್ಲಾಡದಂತೆ ಇಟ್ಟು, ಕೊಂಡಿ ಎಳೆದು, ಅದರ ಗಾಜಿನ ಕಣ್ಣು ತೆರೆದೇ ಇರುವ ಹಾಗೆ ಮಾಡಿ ಎಣಿಸಬೇಕು ಎಂದು ಸಾಹೇಬರು ಹೇಳಿಕೊಟ್ಟಿದ್ದರು. ಅಲ್ಲಿದ್ದ ಒಂದು ಪೆಟ್ಟಿಗೆಯ ಮೇಲಿಟ್ಟು ಹತ್ತು ಎಣಿಸಿದೆ. ಆ ಹತ್ತು ಎಣಿಸಿದ್ದಷ್ಟೇ ನಾನು ತಂಗಿಗೆ ಮಾಡಿದ ಕೊನೆಯ ಸೇವೆ.

ಶಿರಾದ ಸಾಹೇಬರು ಆ ರೋಲು ತೊಳೆದು, ಚಿತ್ರವನ್ನೂ ಅದರ ಫಿಲ್ಮನ್ನೂ ಲಕೋಟೆಯಲ್ಲಿಟ್ಟು ಕೊಟ್ಟರು. ಅಂದು ತಮಾಷೆ ಮಾಡಲಿಲ್ಲ. "ಈಗ್ಲೇ ನೋಡಬ್ಯಾಡ ಬೇಟಾ," ಎಂದಷ್ಟೇ ಹೇಳಿದರು. ನಾನು ದಾರಿಯಲ್ಲೇ ನೋಡಿದೆ. ಹತ್ತು ಎಣಿಸುವಷ್ಟು ಹೊತ್ತು ಅಲ್ಲಾಡದೆ ಇರುವುದು ಬದುಕಿದವರಿಗೆ ಆಗದ ಕೆಲಸ. ಸುತ್ತ ಕೂತಿದ್ದವರೆಲ್ಲ ಅತ್ತು ಅಲುಗಾಡಿ ಹೊಗೆಯಂತೆ ಆಗಿದ್ದರು. ಅವ್ವನ ಮುಖವೂ ಹೊಗೆ. ಸ್ಪಷ್ಟವಾಗಿ ಬಂದಿದ್ದು ಎರಡೇ: ತಂಗಿಯ ಮುಖ, ಅದನ್ನು ಹಿಡಿದಿದ್ದ ಅವ್ವನ ಕೈ. ಕೈಯ ನರಗಳೂ ಕಾಣುತ್ತಿದ್ದವು. ಲಕೋಟೆಯನ್ನು ಪೆಟ್ಟಿಗೆಯ ತಳದಲ್ಲಿಟ್ಟೆ. ಅದರ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಭಾವ ಇನ್ನೊಂದು ಮದುವೆಯಾದರು. ಕೂಸು ನಮ್ಮ ಮನೆಯಲ್ಲೇ ಬೆಳೆಯಿತು. ಐದು ವರ್ಷ ತುಂಬುವ ಹೊತ್ತಿಗೆ ಅದರ ಬಾಯಲ್ಲಿ ಒಂದೇ ಪ್ರಶ್ನೆ. ಬೆಟ್ಟದ ಫೋಟೋ ಹಿಡಿದುಕೊಂಡು ಬರುತ್ತಿತ್ತು.

"ಮಾವ, ಇದ್ರಾಗೆ ಅವ್ವ ಎಲ್ಲಿ?"

"ಇಲ್ಲಿ ನೋಡು. ಅವಳ ಸೊಂಟದ ಮೇಲೆ ನೀನೂ ಇದ್ದೀಯ."

ಅದು ಬೆರಳಿಟ್ಟು ನೋಡುತ್ತಿತ್ತು. "ನಾನ್ ಬೆರಳಿಟ್ರೆ ಅವ್ವ ಮುಚ್ಚೋಗ್ತಾಳೆ. ಮೊಕ ಎಲ್ಲೈತೆ?"

ಒಂದು ದಿನ ಪಕ್ಕದ ಮನೆಯ ಹುಡುಗಿಗೆ, "ನಮ್ಮವ್ವಂಗೆ ಮೊಕ ಇರಲಿಲ್ಲ," ಎಂದು ಹೇಳುತ್ತಿದ್ದುದು ಕಿವಿಗೆ ಬಿತ್ತು. ಅವತ್ತೇ ತೀರ್ಮಾನ ಮಾಡಿದೆ. ಅವ್ವ ಮಗುವನ್ನು ಕರೆದುಕೊಂಡು ಯಾರದೋ ಮನೆಗೆ ಹೋಗಿದ್ದಳು. ಲಕೋಟೆ ತೆಗೆದು ಚಿತ್ರದ ಮೇಲೆ ರಟ್ಟುಗಳನ್ನಿಟ್ಟೆ.

ಹೊಗೆಯಾದ ಜನರನ್ನು ಮುಚ್ಚಿದೆ. ಹೂವಿನ ಹಾರ, ಒರಗಿದ್ದ ಗೋಡೆ ಮುಚ್ಚಿದೆ. ಕಿಟಕಿ ಕಿರಿದಾದಷ್ಟೂ ತಂಗಿಗೆ ಜೀವ ಬರುತ್ತಿತ್ತು. ಇನ್ನು ಉಳಿದಿದ್ದು ಆ ಕೈ. ಅದು ಇದ್ದರೆ ಹೆಣ, ಇಲ್ಲದಿದ್ದರೆ ಕಣ್ಣು ಮುಚ್ಚಿ ಕೂತ ಹೆಂಗಸು. ಕೈಯ ಒಡತಿಯೂ ಕಾಣುತ್ತಿರಲಿಲ್ಲ. ಸಾಹೇಬರು ಹೇಳಿದ್ದು ಇಂಥ ಕೈಯನ್ನೇ ಎಂದುಕೊಂಡು ಅದನ್ನೂ ಮುಚ್ಚಿದೆ. ಗಲ್ಲದ ಮೇಲಿನ ಹೆಬ್ಬೆರಳ ತುದಿ ಮಾತ್ರ ಉಳಿಯಿತು. ಅದನ್ನು ತೆಗೆದರೆ ಗಲ್ಲವೇ ಹೋಗುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಸಾಹೇಬರ ಹತ್ತಿರ ಚಿತ್ರ ದೊಡ್ಡದು ಮಾಡುವ ಯಂತ್ರ ಇತ್ತು. ಫಿಲ್ಮನ್ನು ಯಂತ್ರಕ್ಕೆ ಹಾಕಿದರೆ ಫಿಲ್ಮಿನಲ್ಲಿ ಇರುವುದೆಲ್ಲ ದೊಡ್ಡದಾಗಿ ಬರುತ್ತದೆ, ಮುಖ ಮಾತ್ರ ಬರಬೇಕಾದರೆ ಮುಖದಷ್ಟೇ ಫಿಲ್ಮು ಕೊಡಬೇಕು ಎಂದು ನಾನು ತಿಳಿದಿದ್ದೆ. ರಟ್ಟಿನ ಅಳತೆ ನೋಡಿಕೊಂಡು, ಮೊದಲು ಕಾಗದದ ಚಿತ್ರವನ್ನೂ ಆಮೇಲೆ ಫಿಲ್ಮನ್ನೂ ಬ್ಲೇಡಿನಲ್ಲಿ ಕುಯ್ದೆ. ಉಳಿದ ಅಂಚುಗಳು ಮಗುವಿನ ಕೈಗೆ ಸಿಗಬಾರದು, ತಾಯಿಯನ್ನು ಅದು ಹೆಣವಾಗಿ ನೋಡಬಾರದು ಎಂದು ನೀರೊಲೆಗೆ ಹಾಕಿದೆ. ಕಾಗದ ಮೆಲ್ಲಗೆ ಮುದುಡಿಕೊಂಡಿತು. ಫಿಲ್ಮು ಭಗ್ಗನೆ ಹೊತ್ತಿ ಒಂದೇ ಗಳಿಗೆಯಲ್ಲಿ ಇಲ್ಲವಾಯಿತು. ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ಸಮಾಧಾನವಾಗಿತ್ತು.

ಬೆರಳಗಲದ ಆ ಫಿಲ್ಮಿನ ಚೂರನ್ನು ಕೈಗೆ ತೆಗೆದುಕೊಂಡ ಸಾಹೇಬರು ನನ್ನನ್ನೂ ಅದನ್ನೂ ನೋಡಿದರು.

"ಕಾಗದ ಕತ್ತರಿಸು ಅಂದಿದ್ದೆ. ಫಿಲ್ಮಿಗೆ ಬ್ಲೇಡ್ ಹಾಕು ಅಂದಿದ್ನಾ?"

"ಮುಖ ಒಂದೇ ಬೇಕಿತ್ತು, ಸಾಹೇಬ್ರೆ."

"ಮುಖ ಒಂದೇ ಬರೋ ಹಂಗೆ ನಾನು ಯಂತ್ರದಾಗೆ ಮಾಡ್ತಿರಲಿಲ್ವಾ? ಉಳಿದ ಚೂರು ಎಲ್ಲಿ?"

"ಒಲೆಗೆ ಹಾಕಿದೆ."

ಅವರು ಬಾಯೊಳಗೇ "ತೌಬಾ" ಎಂದರು. ಚೂರನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು: "ಕಣ್ಣು ಬರೀಲಾ?" ತೀರಿಕೊಂಡವರ ಚಿತ್ರಗಳಿಗೆ ಸೀಸದಕಡ್ಡಿಯಿಂದ ತೆರೆದ ಕಣ್ಣು ಬರೆದುಕೊಡುವುದು ಆಗ ಇತ್ತು. ಹೂಂ ಎಂದೆ. "ನಿನ್ ತಂಗಿ ಹೆಂಗೆ ನೋಡ್ತಿದ್ಲು?" ಎಂದರು. ನಾನು ಯೋಚಿಸಿ, "ಎಡಗಣ್ಣು ಒಂಚೂರು ಸಣ್ಣಕ್ಕೆ ಮಾಡ್ಕಂಡು," ಎಂದೆ. ಹಾಗೇ ಬರೆದರು. ಹೆಬ್ಬೆರಳ ತುದಿಯನ್ನು ಗಲ್ಲದ ನೆರಳೊಳಗೆ ಸೇರಿಸಿಬಿಟ್ಟರು.

ಗಾಜು ಹಾಕಿಸಿದ ಚಿತ್ರವನ್ನು ಮನೆಗೆ ತಂದಾಗ ಮಗು ಹತ್ತಿರ ಬರಲು ನಾಚಿಕೊಂಡಿತು. ಕಂಬ ಸುತ್ತಿ ಬಂದು ನೋಡಿತು, ಈ ಕಡೆಯಿಂದ ಬಂದು ನೋಡಿತು.

"ಅಜ್ಜೀ, ಅವ್ವ ನನ್ನೇ ನೋಡ್ತಾಳೆ. ಎತ್ಲಾಗ್ ಹೋದ್ರೂ ನೋಡ್ತಾಳೆ."

ನಾನು ಅಷ್ಟು ಸಂತೋಷಪಟ್ಟ ದಿನ ಬೇರೆ ಇಲ್ಲ. ಅವ್ವನೂ ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಗು ಆಡಲು ಹೊರಗೆ ಹೋದ ಮೇಲೆ ಕೇಳಿದಳು.

"ನನ್ ಕೈ ಎಲ್ಲಿ?"

"ಯಾವ ಕೈಯವ್ವ?"

"ಅವಳನ್ನ ಹಿಡ್ಕಂಡಿದ್ದ ಕೈ."

ಆ ಚಿತ್ರವನ್ನು ಅವ್ವ ನೋಡಿಯೇ ಇಲ್ಲ ಎಂದು ನಾನು ತಿಳಿದಿದ್ದೆ. ನಾಲ್ಕು ವರ್ಷದಿಂದ ನಾನು ಕಚೇರಿಗೆ ಹೋದ ಮೇಲೆ ದಿನಾ ಪೆಟ್ಟಿಗೆ ತೆಗೆದು ನೋಡುತ್ತಿದ್ದಳಂತೆ. ಮುಖ ಅವಳಿಗೆ ಹೇಗೂ ಮರೆತಿರಲಿಲ್ಲ. ನೋಡುತ್ತಿದ್ದುದು ಕೈಯನ್ನು. ಕಡೆಯ ತನಕ ಬಿಡದೆ ಹಿಡಿದಿದ್ದೆ ಎನ್ನುವುದಕ್ಕೆ ಅವಳ ಹತ್ತಿರ ಇದ್ದುದು ಅದೊಂದೇ.

"ಆ ಪುರವರದ ಅಜ್ಜಿಗೆ ಮಗನ ಕಾಲು ವಾಪಸ್ ಕೊಟ್ಟೆಯಲ್ಲ," ಎಂದಳು. "ನನ್ ಕೈನೂ ಎಲ್ಲಾದ್ರೂ ಮಡಗಿರ್ತೀಯ. ಹುಡುಕಿ ಕೊಡು ಮಗ."

ಹುಡುಕುವವನಂತೆ ಪೆಟ್ಟಿಗೆ ತೆಗೆದೆ. ಬಟ್ಟೆಗಳನ್ನು ಒಂದೊಂದಾಗಿ ಹೊರಗಿಟ್ಟೆ. ಖಾಲಿ ಪೆಟ್ಟಿಗೆಯ ಮುಂದೆ ಕೂತು, ನೀರೊಲೆಗೆ ಹಾಕಿದ್ದನ್ನು ಹೇಳಿದೆ. ಅವಳು ಬಯ್ಯಲಿಲ್ಲ. "ಮಗೀಗೆ ಮೊಕ ಸಿಕ್ತಲ್ಲ, ಬುಡು," ಎಂದಳು. ತನ್ನ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಚಿತ್ರ ದೇವರ ಗೂಡಿನ ಪಕ್ಕದ ಗೋಡೆಗೆ ಹೋಯಿತು. ಅವ್ವ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದು ಗಾಜಿನ ಮೇಲೆ ಗಲ್ಲದ ಹತ್ತಿರ ಹೆಬ್ಬೆರಳು ಇಡುತ್ತಿದ್ದಳು. ಸಾಹೇಬರು ನೆರಳು ಮಾಡಿ ಮುಚ್ಚಿದ್ದರೂ ಅವಳಿಗೆ ಆ ಜಾಗ ಗೊತ್ತಿತ್ತು. ಉಳಿದ ಬೆರಳುಗಳು ಚಿತ್ರದ ಕಟ್ಟಿನ ಕೆಳಗೆ ಹೋಗುತ್ತಿದ್ದವು. ದಿನ ಕಳೆದಂತೆ ಗಾಜಿನ ಮೇಲೆ ವಿಭೂತಿಯ ಒಂದು ಬೆರಳ ಗುರುತು ನಿಂತಿತು. ಮಗು ಅದನ್ನು ಅಮ್ಮನಿಗೆ ವಿಭೂತಿ ಹಚ್ಚುವುದು ಎಂದುಕೊಂಡು ತಾನೂ ಮಾಡುತ್ತಿತ್ತು. ಅವ್ವ ಇರುವ ತನಕ, ಇಲ್ಲವಾದ ಮೇಲೂ ಕೆಲವು ವರ್ಷ, ನಾನು ಆ ಗಾಜನ್ನು ಒರೆಸಲಿಲ್ಲ.

ಮಗು ದೊಡ್ಡವಳಾಗಿ ಪಾವಗಡಕ್ಕೆ ಸೊಸೆಯಾಗಿ ಹೊರಟಾಗ ಆ ಚಿತ್ರ ಒಂದನ್ನು ಮಾತ್ರ ಕೇಳಿದಳು. ಇಳಿಸಿ ಕೊಟ್ಟೆ. ಸೀರೆಗಳ ನಡುವೆ ಇಡುವ ಮುಂಚೆ ಅವಳು ಸೆರಗಿನ ತುದಿಯಿಂದ ಗಾಜು ಒರೆಸಿದಳು. ಗಲ್ಲದ ಹತ್ತಿರ ಗುರುತು ಹೋಗಲಿಲ್ಲ. ಬಾಯಿಂದ ಹಬೆ ಬಿಟ್ಟು ಮತ್ತೆ ಉಜ್ಜಿದಳು. "ನೋಡು ಮಾವ, ಈಗ ಅವ್ವನ ಮೊಕ ಹೆಂಗ್ ಕಾಣ್ತೈತೆ," ಎಂದಳು. "ಚೆನ್ನಾಗಿ ಕಾಣ್ತೈತೆ ಕಣಮ್ಮ," ಎಂದೆ. ಮದುವೆಮನೆ, ಬೇರೇನೂ ಹೇಳಲು ಆಗಲಿಲ್ಲ. ಆಮೇಲೂ ಹೇಳಲಿಲ್ಲ.

ಈಗ ಅವಳಿಗೂ ಮೊಮ್ಮಕ್ಕಳಾಗಿದ್ದಾರೆ. ಚಿತ್ರ ಅವಳ ಮನೆಯ ಗೋಡೆಯ ಮೇಲಿದೆ. ಇದು ಅಚ್ಚಾದರೆ ಅವಳಿಗೂ ಒಂದು ಪ್ರತಿ ಕಳಿಸುತ್ತೇನೆ. ಅಮ್ಮಯ್ಯ, ನೀನು ದಿನಾ ನೋಡುವ ಆ ಮುಖದ ಕೆಳಗೆ ನಿನ್ನ ಅಜ್ಜಿಯ ಕೈ ಇತ್ತು. ಗಲ್ಲದ ಎಡಗಡೆಯ ನೆರಳು ನೆರಳಲ್ಲ, ಅವಳ ಹೆಬ್ಬೆರಳು. ಕತ್ತರಿಸಿದವನು ನಾನು.

ಹವ್ಯಾಸದವರಿಗೆ ಹೇಳಬೇಕೆಂದಿದ್ದುದು ಇಷ್ಟೇ. ಹತ್ತಿರ ಹೋಗಿ ತೆಗೆಯಿರಿ, ಕೇಳಿದವರಿಗೆ ಕೇಳಿದ ದಿನವೇ ತೆಗೆಯಿರಿ. ಕತ್ತರಿಸುವುದಾದರೆ ಕಾಗದವನ್ನು ಕತ್ತರಿಸಿ, ಫಿಲ್ಮಿನ ತಂಟೆಗೆ ಹೋಗಬೇಡಿ. ಕತ್ತರಿಸಿದ ಅಂಚನ್ನು ಒಂದು ಲಕೋಟೆಯಲ್ಲಿಟ್ಟು, ಅದರಲ್ಲಿ ಯಾರು ಇದ್ದರು ಎಂದು ಮೇಲೆ ಬರೆದಿಡಿ. ನಿಮ್ಮ ಮನೆಯ ಹಳೆಯ ಚಿತ್ರಗಳ ಅಂಚಿನಲ್ಲೂ ಯಾರದಾದರೂ ಕೈ ಇರಬಹುದು, ಅಥವಾ ಇದ್ದು ಹೋಗಿರಬಹುದು. ಅದು ಯಾರದೆಂದು ನಿಮಗೆ ನೆನಪಿದ್ದರೆ ನಾಲ್ಕು ಸಾಲು ಬರೆದು ತಿಳಿಸಿ. ನಾನು ಓದುವುದೂ ನಿಧಾನವೇ, ಆದರೆ ಬಂದ ಕಾಗದವನ್ನೆಲ್ಲ ಓದುತ್ತೇನೆ.